ಸೀಮೋರ್ ಕ್ರೇ

ಸೀಮೋರ್ ರೋಜರ್ ಕ್ರೇ (ಸೆಪ್ಟೆಂಬರ್ 28, 1925 – ಅಕ್ಟೋಬರ್ 5, 1996) ಅಮೆರಿಕದ ವಿದ್ಯುತ್ ಎಂಜಿನಿಯರ್ ಮತ್ತು ಸೂಪರ್‌ಕಂಪ್ಯೂಟರ್ ವಿನ್ಯಾಸಕಾರ. ಸಿಡಿಸಿ 6600, ಸಿಡಿಸಿ 7600, ಕ್ರೇ-1 ಮತ್ತು ಕ್ರೇ-2 ಎಂಬ ಗಣಕಯಂತ್ರಗಳು ಇವರ ಪ್ರಮುಖ ಕೃತಿಗಳು. ಇವು ತಮ್ಮ ತಮ್ಮ ಕಾಲದಲ್ಲಿ ಜಗತ್ತಿನ ಅತ್ಯಂತ ವೇಗದ ಗಣಕಯಂತ್ರಗಳ ಸಾಲಿನಲ್ಲಿದ್ದವು. ಇವರನ್ನು ಸೂಪರ್‌ಕಂಪ್ಯೂಟರ್ ಉದ್ಯಮದ ಜನಕರೆಂದು ಪರಿಗಣಿಸಲಾಗುತ್ತದೆ. ಒಂದು ಯಂತ್ರದ ನಿಜವಾದ ವೇಗವು ಅದರ ಲೆಕ್ಕಾಚಾರದ ಘಟಕಗಳ ಸಂಖ್ಯೆಗಿಂತ, ಆ ಘಟಕಗಳಿಗೆ ದತ್ತಾಂಶವನ್ನು ಎಷ್ಟು ಬೇಗ ಒದಗಿಸಬಹುದು ಎಂಬುದನ್ನು ಹೆಚ್ಚು ಅವಲಂಬಿಸಿದೆ ಎಂಬ ನಿಲುವು ಇವರ ಎಲ್ಲ ವಿನ್ಯಾಸಗಳ ಹಿಂದಿತ್ತು. ಬಹುಕೋರ್ ಗಣಕಗಳಲ್ಲಿ ಯಂತ್ರ ಕಲಿಕೆಯ ಮಾದರಿಗಳಿಗೆ ತರಬೇತಿ ನೀಡುವಾಗ ಎದುರಾಗುವ ನಿಧಾನಗತಿಯನ್ನು ಅರ್ಥಮಾಡಿಕೊಳ್ಳಲು ಈ ನಿಲುವು ಇಂದಿಗೂ ಉಪಯುಕ್ತವಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಕ್ರೇ ಅವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆ ಸಿವಿಲ್ ಎಂಜಿನಿಯರ್ ಆಗಿದ್ದರು. ಮಗನ ಆಸಕ್ತಿಯನ್ನು ಕಂಡ ಅವರು ಮನೆಯ ನೆಲಮಾಳಿಗೆಯನ್ನು ಅವನ ಪ್ರಯೋಗಗಳಿಗಾಗಿ ಬಿಟ್ಟುಕೊಟ್ಟರು. ಸುಮಾರು ಹತ್ತನೆಯ ವಯಸ್ಸಿನಲ್ಲಿ ಕ್ರೇ, ಮಕ್ಕಳ ಲೋಹದ ಜೋಡಣೆ ಆಟಿಕೆಯ ಬಿಡಿಭಾಗಗಳನ್ನು ಬಳಸಿ, ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಮೋರ್ಸ್ ಸಂಕೇತಗಳಾಗಿ ಪರಿವರ್ತಿಸುವ ಸಾಧನವೊಂದನ್ನು ತಯಾರಿಸಿದ್ದರು.

1943ರಲ್ಲಿ ಪ್ರೌಢಶಾಲಾ ಶಿಕ್ಷಣ ಮುಗಿಸಿದ ಬಳಿಕ ಎರಡನೆಯ ಮಹಾಯುದ್ಧದ ನಿಮಿತ್ತ ಸೈನ್ಯಕ್ಕೆ ಸೇರ್ಪಡೆಯಾದರು. ಯೂರೋಪಿನಲ್ಲಿ ರೇಡಿಯೋ ವಿಭಾಗದಲ್ಲಿಯೂ ಅನಂತರ ಫಿಲಿಪೈನ್ಸ್‌ನಲ್ಲಿ ಜಪಾನಿನ ರಹಸ್ಯ ಸಂಕೇತಗಳನ್ನು ಭೇದಿಸುವ ವಿಭಾಗದಲ್ಲಿಯೂ ಸೇವೆ ಸಲ್ಲಿಸಿದರು. ಯುದ್ಧಾನಂತರ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನೂ, 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವೃತ್ತಿಜೀವನದ ಆರಂಭ

1950ರ ದಶಕದ ಆರಂಭದಲ್ಲಿ ಕ್ರೇ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿದ್ದ ಎಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್ ಸಂಸ್ಥೆಯನ್ನು ಸೇರಿದರು. ಯುದ್ಧಕಾಲದ ಸಂಕೇತಭೇದನ ತಂಡದ ಸದಸ್ಯರು ಕಟ್ಟಿದ ಈ ಸಂಸ್ಥೆಯಲ್ಲಿ ಇವರು ಅಂಕೀಯ ಗಣಕಗಳ ವಿನ್ಯಾಸದ ಮೊದಲ ಪಾಠಗಳನ್ನು ಕಲಿತರು. ಸಂಸ್ಥೆಯು ಮೊದಲು ರೆಮಿಂಗ್ಟನ್ ರಾಂಡ್ ಕಂಪನಿಯ ವಶವಾಯಿತು. 1955ರಲ್ಲಿ ರೆಮಿಂಗ್ಟನ್ ರಾಂಡ್ ಸ್ಪೆರ‍್ರಿ ಕಂಪನಿಯೊಂದಿಗೆ ವಿಲೀನಗೊಂಡಿತು. ಬೃಹತ್ ಕಂಪನಿಯ ಆಡಳಿತದಿಂದ ಬೇಸತ್ತ ವಿಲಿಯಂ ನಾರಿಸ್ ಮತ್ತು ಸಂಗಡಿಗರು 1957ರಲ್ಲಿ ಕಂಟ್ರೋಲ್ ಡೇಟಾ ಕಾರ್ಪೊರೇಷನ್ (ಸಿಡಿಸಿ) ಸ್ಥಾಪಿಸಿದರು. ಕೆಲಕಾಲದಲ್ಲೇ ಕ್ರೇ ಕೂಡ ಅವರನ್ನು ಕೂಡಿಕೊಂಡರು.

ಸಿಡಿಸಿಯಲ್ಲಿ ಇವರು ವಿನ್ಯಾಸಗೊಳಿಸಿದ ಮೊದಲ ದೊಡ್ಡ ಯಂತ್ರ ಸಿಡಿಸಿ 1604. ನಿರ್ವಾತ ನಳಿಕೆಗಳಿಗೆ ಬದಲಾಗಿ ಟ್ರಾನ್ಸಿಸ್ಟರುಗಳನ್ನೇ ಬಳಸಿದ್ದ ಈ ಯಂತ್ರದ ಮೊದಲ ಪ್ರತಿಯನ್ನು 1960ರಲ್ಲಿ ಅಮೆರಿಕದ ನೌಕಾಪಡೆಗೆ ಒದಗಿಸಲಾಯಿತು.

ಸಿಡಿಸಿ 6600

ಕಚೇರಿಯ ಸಭೆಗಳು ಮತ್ತು ಗ್ರಾಹಕರ ಭೇಟಿಗಳಿಂದ ದೂರವಿರಲು ಬಯಸಿದ ಕ್ರೇ, 1960ರ ದಶಕದ ಆರಂಭದಲ್ಲಿ ಹುಟ್ಟೂರಾದ ಚಿಪ್ಪೆವಾ ಫಾಲ್ಸ್‌ನಲ್ಲಿಯೇ ಪ್ರಯೋಗಾಲಯವೊಂದನ್ನು ತೆರೆಯಲು ಸಂಸ್ಥೆಯನ್ನು ಒಪ್ಪಿಸಿದರು. ಅಲ್ಲಿ ಪೂರ್ಣಗೊಂಡ ಸಿಡಿಸಿ 6600 ಸೆಕೆಂಡಿಗೆ ಸುಮಾರು 30 ಲಕ್ಷ ಲೆಕ್ಕಗಳನ್ನು ಮಾಡಬಲ್ಲದಾಗಿತ್ತು. 1964ರಿಂದ 1969ರವರೆಗೆ ಇದು ಜಗತ್ತಿನ ಅತಿ ವೇಗದ ಗಣಕಯಂತ್ರವಾಗಿತ್ತು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರವು 1965ರಲ್ಲಿ ಇದನ್ನು ಪಡೆಯಿತು.

ಈ ಯಂತ್ರದಲ್ಲಿ ಸಮಾಂತರ ಗಣನೆಯ, ಅಂದರೆ ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸುವ, ಎರಡು ಉಪಾಯಗಳಿದ್ದವು. ಕೂಡುವುದು, ಗುಣಿಸುವುದು, ಭಾಗಿಸುವುದು ಮುಂತಾದ ಕೆಲಸಗಳಿಗೆ ಹತ್ತು ಪ್ರತ್ಯೇಕ ಘಟಕಗಳಿದ್ದು, ಒಂದರ ಫಲಿತಾಂಶಕ್ಕಾಗಿ ಮತ್ತೊಂದು ಕಾಯಬೇಕಾಗಿಲ್ಲದಿದ್ದರೆ ಅವು ಒಟ್ಟೊಟ್ಟಿಗೆ ದುಡಿಯುತ್ತಿದ್ದವು. ಯಾವ ಘಟಕ ಯಾವುದಕ್ಕಾಗಿ ಕಾಯುತ್ತಿದೆ ಎಂಬ ಲೆಕ್ಕವಿಡುವ ವ್ಯವಸ್ಥೆಯನ್ನು ಕ್ರೇ ಅವರ ಸಹೋದ್ಯೋಗಿ ಜೇಮ್ಸ್ ಥಾರ್ನ್‌ಟನ್ ರೂಪಿಸಿದರು. ಎರಡನೆಯದಾಗಿ, ದತ್ತಾಂಶವನ್ನು ಓದುವ ಮತ್ತು ಬರೆಯುವ ಕೆಲಸವನ್ನು ಕೇಂದ್ರ ಪ್ರೊಸೆಸರಿನಿಂದ ಸಂಪೂರ್ಣವಾಗಿ ತೆಗೆದು ಹತ್ತು ಸಣ್ಣ ಉಪಪ್ರೊಸೆಸರುಗಳಿಗೆ ವಹಿಸಲಾಗಿತ್ತು. ಟೇಪು ಓದುವವರೆಗೆ ಮುಖ್ಯ ಯಂತ್ರ ಸುಮ್ಮನೆ ಕೂರುವ ಪ್ರಸಂಗವನ್ನು ಇದು ಬಹುಮಟ್ಟಿಗೆ ತಪ್ಪಿಸಿತು.

ಇದನ್ನು ರೂಪಿಸಿದ ಪ್ರಯೋಗಾಲಯದಲ್ಲಿ ಸ್ವಚ್ಛತಾ ಕೆಲಸಗಾರರೂ ಸೇರಿ ಕೇವಲ 34 ಮಂದಿ ಇದ್ದರು. ಇಷ್ಟು ಸಣ್ಣ ತಂಡದ ಎದುರು ತಮ್ಮ ಬೃಹತ್ ಸಂಸ್ಥೆ ಹಿಂದೆ ಬಿದ್ದದ್ದು ಹೇಗೆಂದು ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಜೂನಿಯರ್ 1963ರಲ್ಲಿ ಆಂತರಿಕ ಪತ್ರವೊಂದರಲ್ಲಿ ತಮ್ಮ ಅಧಿಕಾರಿಗಳನ್ನು ಪ್ರಶ್ನಿಸಿದ್ದರು. 1969ರಲ್ಲಿ ಬಂದ ಸಿಡಿಸಿ 7600 ತನ್ನ ಹಿಂದಿನ ಯಂತ್ರಕ್ಕಿಂತ ಹಲವು ಪಟ್ಟು ವೇಗವಾಗಿತ್ತು.

ಅಮ್ಡಾಲ್ ನಿಯಮ ಮತ್ತು ಎರಡು ವಿಫಲ ಯಂತ್ರಗಳು

1967ರಲ್ಲಿ ಐಬಿಎಂನ ವಿನ್ಯಾಸಕಾರ ಜೀನ್ ಅಮ್ಡಾಲ್, ಹಲವು ಪ್ರೊಸೆಸರುಗಳ ಯಂತ್ರಗಳ ಮಿತಿಯನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದರು. ಅದರ ತಿರುಳು ಮುಂದೆ ಅಮ್ಡಾಲ್ ನಿಯಮ ಎಂದು ಹೆಸರಾಯಿತು. ಒಂದು ಕೆಲಸದ ಶೇಕಡಾ 5 ಭಾಗವನ್ನು ಹಂಚಿಕೊಳ್ಳಲು ಸಾಧ್ಯವಿಲ್ಲದೆ ಒಬ್ಬನೇ ಮಾಡಬೇಕಾಗಿದ್ದರೆ, 16 ಪ್ರೊಸೆಸರುಗಳನ್ನು ಬಳಸಿದರೂ ವೇಗವು 16 ಪಟ್ಟು ಏರದೆ ಸುಮಾರು 9 ಪಟ್ಟು ಮಾತ್ರ ಏರುತ್ತದೆ. ಪ್ರೊಸೆಸರುಗಳ ಸಂಖ್ಯೆಯನ್ನು ಎಷ್ಟೇ ಹೆಚ್ಚಿಸಿದರೂ 20 ಪಟ್ಟನ್ನು ಮೀರುವುದಿಲ್ಲ.

ಇದೇ ಕಾಲದಲ್ಲಿ ಸಿಡಿಸಿ ಎರಡು ದಾರಿಗಳಲ್ಲಿ ಮುಂದುವರಿದಿತ್ತು. ಥಾರ್ನ್‌ಟನ್ ಅವರ ತಂಡವು ಸ್ಟಾರ್-100 ಎಂಬ ವೆಕ್ಟರ್ ಯಂತ್ರವನ್ನು ರೂಪಿಸುತ್ತಿತ್ತು. ಸಂಖ್ಯೆಗಳ ಉದ್ದನೆಯ ಸಾಲಿನ ಮೇಲೆ ಒಂದೇ ಆದೇಶದಿಂದ ಲೆಕ್ಕ ಮಾಡುವುದು ವೆಕ್ಟರ್ ಯಂತ್ರದ ವಿಶೇಷ. ಕಾಗದದ ಮೇಲೆ ಅದರ ಗರಿಷ್ಠ ವೇಗ ಸೆಕೆಂಡಿಗೆ 10 ಕೋಟಿ ಲೆಕ್ಕಗಳು. ಆದರೆ ಪ್ರತಿಯೊಂದು ಸಾಲಿಗೂ ಆರಂಭದ ಸಿದ್ಧತೆಗೆ ಬಹಳ ಸಮಯ ಹಿಡಿಯುತ್ತಿತ್ತು. ಸಾಲುಗಳು ನೇರವಾಗಿ ಮೆಮೊರಿಯಿಂದ ಬಂದು ಮೆಮೊರಿಗೇ ಮರಳುತ್ತಿದ್ದವು. ಬಿಡಿ ಲೆಕ್ಕಗಳಲ್ಲಿ ಅದು ಹಳೆಯ 7600ಕ್ಕಿಂತಲೂ ನಿಧಾನವಾಗಿತ್ತು. ಹೀಗಾಗಿ ನೈಜ ಕಾರ್ಯಕ್ರಮಗಳಲ್ಲಿ ಅದು ನಿರೀಕ್ಷೆಯನ್ನು ಮುಟ್ಟಲಿಲ್ಲ.

ಇನ್ನೊಂದು ದಾರಿ ಕ್ರೇ ಅವರದೇ ಆದ ಸಿಡಿಸಿ 8600. ನಾಲ್ಕು ಪ್ರೊಸೆಸರುಗಳನ್ನು ಒಂದೇ ಮೆಮೊರಿಗೆ ಜೋಡಿಸುವುದು ಅದರ ಯೋಜನೆ. ಬಿಡಿಭಾಗಗಳ ದಟ್ಟಣೆ, ಶಾಖ ಮತ್ತು ಜೋಡಣೆಯ ದೋಷಗಳಿಂದ ಅದನ್ನು ನೆಚ್ಚಿಕೊಳ್ಳುವಂತೆ ಓಡಿಸಲು ಆಗಲಿಲ್ಲ. ಹೊಸದಾಗಿ ಆರಂಭಿಸಲು ಸಂಸ್ಥೆಯ ಬಳಿ ಹಣವಿರಲಿಲ್ಲ. 1972ರಲ್ಲಿ ಕ್ರೇ ಸಿಡಿಸಿಯನ್ನು ತೊರೆದರು. ಬೇರ್ಪಡುವಿಕೆ ಸೌಹಾರ್ದದಿಂದಲೇ ನಡೆಯಿತು; ಅವರ ಹೊಸ ಕಂಪನಿಯಲ್ಲಿ ಸಿಡಿಸಿಯೂ ಬಂಡವಾಳ ಹೂಡಿತು.

ಕ್ರೇ ರಿಸರ್ಚ್ ಮತ್ತು ಕ್ರೇ-1

1972ರಲ್ಲಿ ಸ್ಥಾಪನೆಯಾದ ಕ್ರೇ ರಿಸರ್ಚ್ ಸಂಸ್ಥೆಯ ಮೊದಲ ಯಂತ್ರ ಕ್ರೇ-1. ಇದರಲ್ಲಿ ಕ್ರೇ ಹಲವು ಪ್ರೊಸೆಸರುಗಳ ಯೋಜನೆಯನ್ನು ಕೈಬಿಟ್ಟು ಒಂದೇ ಪ್ರೊಸೆಸರಿಗೆ ಮರಳಿದರು. ಸ್ಟಾರ್-100ರ ಕಲ್ಪನೆಯನ್ನು ಉಳಿಸಿಕೊಂಡು ಅದರ ದೋಷಗಳನ್ನು ನಿವಾರಿಸಿದರು. ಪ್ರತಿಯೊಂದೂ 64 ಸಂಖ್ಯೆಗಳನ್ನು ಹಿಡಿಯುವ ಎಂಟು ವೆಕ್ಟರ್ ರೆಜಿಸ್ಟರುಗಳನ್ನು ಪ್ರೊಸೆಸರಿನ ಒಳಗೇ ಇರಿಸಿದರು. ಒಮ್ಮೆ ಒಳಗೆ ತಂದ ಸಂಖ್ಯೆಗಳ ಮೇಲೆ ಮತ್ತೆ ಮತ್ತೆ ಲೆಕ್ಕ ಮಾಡಬಹುದಾದ್ದರಿಂದ ಮೆಮೊರಿಗೆ ಹೋಗಿಬರುವ ಶ್ರಮ ಕಡಿಮೆಯಾಯಿತು. ಗುಣಾಕಾರದ ಫಲಿತಾಂಶಗಳು ಹೊರಬರುತ್ತಿದ್ದಂತೆಯೇ ಸಂಕಲನದ ಘಟಕಕ್ಕೆ ಹರಿಯುವ ಸರಪಳಿ ವ್ಯವಸ್ಥೆಯೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ವೆಕ್ಟರಿಗೆ ಒಗ್ಗದ ಬಿಡಿ ಲೆಕ್ಕಗಳಲ್ಲಿಯೂ ಈ ಯಂತ್ರ ಅಂದಿನ ಇತರ ಯಂತ್ರಗಳಿಗಿಂತ ವೇಗವಾಗಿತ್ತು. ಅಮ್ಡಾಲ್ ನಿಯಮವು ಎತ್ತಿ ತೋರಿದ ನಿಧಾನ ಭಾಗವನ್ನೇ ಚುರುಕುಗೊಳಿಸಿದ್ದು ಕ್ರೇ-1ರ ಯಶಸ್ಸಿನ ಗುಟ್ಟು.

ಯಂತ್ರದ ಆಕಾರವೂ ಇದೇ ಚಿಂತನೆಯ ಫಲ. ಕ್ರೇ-1ರ ಗಡಿಯಾರದ ಒಂದು ಮಿಡಿತ 12.5 ನ್ಯಾನೊಸೆಕೆಂಡ್. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಮಾತ್ರ ಚಲಿಸುತ್ತದೆ. ತಂತಿಯಲ್ಲಿನ ಸಂಕೇತ ಅದಕ್ಕಿಂತಲೂ ನಿಧಾನ. ಆದುದರಿಂದ ತಂತಿಯ ಉದ್ದವೇ ವೇಗಕ್ಕೆ ಮಿತಿಯಾಗುತ್ತದೆ. ಯಂತ್ರವನ್ನು ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿಸಿ ಕಟ್ಟಿದ್ದರಿಂದ ಒಳಗಿನ ಯಾವ ತಂತಿಯೂ ಸುಮಾರು ನಾಲ್ಕು ಅಡಿಗಿಂತ ಉದ್ದವಾಗಿರಲಿಲ್ಲ. ಸುತ್ತಲೂ ಇದ್ದ ಮೆತ್ತನೆಯ ಆಸನಗಳ ಅಡಿಯಲ್ಲಿ ವಿದ್ಯುತ್ ಪೂರೈಕೆಯ ಉಪಕರಣಗಳಿದ್ದವು. ಯಂತ್ರದ ತೂಕ ಸುಮಾರು 5 ಟನ್, ಮೆಮೊರಿ 8 ಮೆಗಾಬೈಟ್, ಗರಿಷ್ಠ ವೇಗ ಸೆಕೆಂಡಿಗೆ 16 ಕೋಟಿ ಲೆಕ್ಕಗಳು.

1976ರಲ್ಲಿ ಮೊದಲ ಯಂತ್ರವನ್ನು ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಆರು ತಿಂಗಳ ಪರೀಕ್ಷೆಗಾಗಿ ಕಳುಹಿಸಲಾಯಿತು. ಅದರ ಮೆಮೊರಿಯಲ್ಲಿ ದೋಷಗಳನ್ನು ತಾನಾಗಿ ತಿದ್ದುವ ವ್ಯವಸ್ಥೆ ಇರಲಿಲ್ಲ. ಪರೀಕ್ಷೆಯಲ್ಲಿ ಅದರ ಅಗತ್ಯ ಕಂಡುಬಂದು ಮುಂದಿನ ಯಂತ್ರಗಳಲ್ಲಿ ಸೇರಿಸಲಾಯಿತು. 1977ರಲ್ಲಿ ಅಮೆರಿಕದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರವು ಒಂದು ಯಂತ್ರವನ್ನು ಕೊಂಡುಕೊಂಡಿತು. ಹತ್ತಾರು ಯಂತ್ರಗಳು ಮಾತ್ರ ಮಾರಾಟವಾಗಬಹುದೆಂದು ಭಾವಿಸಲಾಗಿದ್ದ ಮಾರುಕಟ್ಟೆಯಲ್ಲಿ 80ಕ್ಕೂ ಹೆಚ್ಚು ಕ್ರೇ-1 ಯಂತ್ರಗಳು ಮಾರಾಟವಾದವು.

ಕ್ರೇ-2

1980ರಲ್ಲಿ ಕ್ರೇ ಅವರು ಮುಖ್ಯ ಕಾರ್ಯನಿರ್ವಾಹಕ ಹುದ್ದೆಯನ್ನು ಜಾನ್ ರೋಲ್‌ವಾಗನ್ ಅವರಿಗೆ ಬಿಟ್ಟುಕೊಟ್ಟು ಪೂರ್ಣವಾಗಿ ವಿನ್ಯಾಸದಲ್ಲಿ ತೊಡಗಿದರು. ನಾಲ್ಕು ಪ್ರೊಸೆಸರುಗಳ ಕ್ರೇ-2 1985ರಲ್ಲಿ ಹೊರಬಂದಿತು. ಇದರ ವಿದ್ಯುನ್ಮಂಡಲಗಳನ್ನು ವಿದ್ಯುತ್ ಹರಿಸದ ದ್ರವವೊಂದರಲ್ಲಿ ಮುಳುಗಿಸಿ ತಂಪುಗೊಳಿಸಲಾಗುತ್ತಿತ್ತು. ಗರಿಷ್ಠ ವೇಗ ಸೆಕೆಂಡಿಗೆ 190 ಕೋಟಿ ಲೆಕ್ಕಗಳು.

ಇದೇ ಸಂಸ್ಥೆಯಲ್ಲಿ ಸ್ಟೀವ್ ಚೆನ್ ನೇತೃತ್ವದ ಬೇರೊಂದು ತಂಡವು ಕ್ರೇ-1ರ ವಿನ್ಯಾಸವನ್ನೇ ಬೆಳೆಸಿ 1982ರಲ್ಲಿ ಎರಡು ಪ್ರೊಸೆಸರುಗಳ ಕ್ರೇ ಎಕ್ಸ್-ಎಂಪಿ ಯಂತ್ರವನ್ನು ತಂದಿತ್ತು. ಕ್ರೇ-2ರ ಪ್ರೊಸೆಸರು ಹೆಚ್ಚು ವೇಗದ್ದಾದರೂ ಅದರ ವಿಶಾಲ ಮೆಮೊರಿಯಿಂದ ದತ್ತಾಂಶ ಬರಲು ತಡವಾಗುತ್ತಿತ್ತು. ಮೆಮೊರಿಯನ್ನು ಪದೇಪದೇ ಬಳಸುವ ಕಾರ್ಯಕ್ರಮಗಳಲ್ಲಿ ಎಕ್ಸ್-ಎಂಪಿಯೇ ಮುಂದಿರುತ್ತಿತ್ತು. ಕ್ರೇ ಅವರು ಸ್ಟಾರ್-100ರಲ್ಲಿ ಗುರುತಿಸಿದ್ದ ದೋಷವು ಹೀಗೆ ಬೇರೊಂದು ರೂಪದಲ್ಲಿ ಅವರ ಯಂತ್ರದಲ್ಲಿಯೇ ಕಾಣಿಸಿಕೊಂಡಿತು.

ಸಮಾಂತರ ಗಣನೆಯ ಅಲೆ ಮತ್ತು ಸೋಲು

1980ರ ದಶಕದಲ್ಲಿ ಅಗ್ಗದ ಮೈಕ್ರೋಪ್ರೊಸೆಸರುಗಳನ್ನು ನೂರಾರು ಸಂಖ್ಯೆಯಲ್ಲಿ ಜೋಡಿಸುವ ಪ್ರಯತ್ನಗಳು ಆರಂಭವಾದವು. ಕ್ರೇ ಅವರಿಗೆ ಈ ಮಾರ್ಗದಲ್ಲಿ ಬಹುಕಾಲ ನಂಬಿಕೆ ಇರಲಿಲ್ಲ. ಕೆಲವೇ ಬಲಿಷ್ಠ ಪ್ರೊಸೆಸರುಗಳು ಅಸಂಖ್ಯ ದುರ್ಬಲ ಪ್ರೊಸೆಸರುಗಳಿಗಿಂತ ಮೇಲೆಂಬುದು ಅವರ ಅಭಿಪ್ರಾಯವಾಗಿತ್ತು. ಆದರೆ 1988ರಲ್ಲಿ ಸಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಜಾನ್ ಗುಸ್ಟಾಫ್‌ಸನ್ ಮತ್ತು ಸಹೋದ್ಯೋಗಿಗಳು 1024 ಪ್ರೊಸೆಸರುಗಳ ಯಂತ್ರದಲ್ಲಿ ಸಾವಿರ ಪಟ್ಟಿನಷ್ಟು ವೇಗವೃದ್ಧಿಯನ್ನು ಸಾಧಿಸಿ ತೋರಿಸಿದರು. ಪ್ರೊಸೆಸರುಗಳು ಹೆಚ್ಚಿದಂತೆ ಸಮಸ್ಯೆಯ ಗಾತ್ರವನ್ನೂ ಹಿಗ್ಗಿಸಿದರೆ ಹಂಚಿಕೊಳ್ಳಲಾಗದ ಭಾಗದ ಪಾಲು ಕುಗ್ಗುತ್ತದೆ ಎಂಬುದು ಅವರ ವಾದವಾಗಿತ್ತು.

1989ರಲ್ಲಿ ಕ್ರೇ ತಮ್ಮ ಮುಂದಿನ ಯೋಜನೆಯೊಂದಿಗೆ ಪ್ರತ್ಯೇಕಗೊಂಡು ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕ್ರೇ ಕಂಪ್ಯೂಟರ್ ಕಾರ್ಪೊರೇಷನ್ ಸ್ಥಾಪಿಸಿದರು. ಕ್ರೇ-3 ಯಂತ್ರದಲ್ಲಿ ಸಿಲಿಕಾನ್ ಬದಲು ಗ್ಯಾಲಿಯಂ ಆರ್ಸೆನೈಡ್ ಬಳಸಲಾಯಿತು. ತಯಾರಿಕೆ ಕಷ್ಟಸಾಧ್ಯವಾಗಿ ಕೆಲಸ ವಿಳಂಬವಾಯಿತು. 1991ರಲ್ಲಿ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯವು ತನ್ನ ಬೇಡಿಕೆಯನ್ನು ಹಿಂಪಡೆಯಿತು. ಶೀತಲ ಸಮರ ಕೊನೆಗೊಂಡು ರಕ್ಷಣಾ ವೆಚ್ಚ ತಗ್ಗಿದ್ದು ಮತ್ತೊಂದು ಪೆಟ್ಟು. 1993ರಲ್ಲಿ ವಾಯುಮಂಡಲ ಸಂಶೋಧನಾ ಕೇಂದ್ರಕ್ಕೆ ಪರೀಕ್ಷಾರ್ಥವಾಗಿ ನೀಡಿದ ಒಂದು ಯಂತ್ರದ ಹೊರತು ಕ್ರೇ-3ಕ್ಕೆ ಗ್ರಾಹಕರು ದೊರೆಯಲಿಲ್ಲ. 1995ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿಯಾಯಿತು.

ಕೊನೆಯ ದಿನಗಳು

ಎಪ್ಪತ್ತು ದಾಟಿದ್ದ ಕ್ರೇ 1996ರಲ್ಲಿ ಎಸ್‌ಆರ್‌ಸಿ ಕಂಪ್ಯೂಟರ್ಸ್ ಎಂಬ ಮತ್ತೊಂದು ಕಂಪನಿಯನ್ನು ಆರಂಭಿಸಿದರು. ಬಹುಕಾಲ ವಿರೋಧಿಸಿದ್ದ ಸಮಾಂತರ ಯಂತ್ರದ ವಿನ್ಯಾಸವನ್ನೇ ಈ ಬಾರಿ ಕೈಗೆತ್ತಿಕೊಂಡರು. ಅಂತಹ ಯಂತ್ರಗಳನ್ನು ಕಟ್ಟಿಹಾಕುತ್ತಿದ್ದ ಪ್ರೊಸೆಸರುಗಳ ನಡುವಿನ ಸಂವಹನ ಮತ್ತು ಮೆಮೊರಿಯ ವೇಗಗಳೇ ಅವರ ಗಮನದ ಕೇಂದ್ರವಾಗಿದ್ದವು.

1996ರ ಸೆಪ್ಟೆಂಬರ್ 22ರಂದು ಕೊಲರಾಡೊ ಸ್ಪ್ರಿಂಗ್ಸ್ ಬಳಿಯ ಹೆದ್ದಾರಿಯಲ್ಲಿ ಅವರ ವಾಹನ ಅಪಘಾತಕ್ಕೀಡಾಗಿ ಮಗುಚಿತು. ತೀವ್ರವಾಗಿ ಗಾಯಗೊಂಡ ಕ್ರೇ ಅಕ್ಟೋಬರ್ 5ರಂದು ತಮ್ಮ 71ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಕೊನೆಯ ವಿನ್ಯಾಸ ಅಪೂರ್ಣವಾಗಿ ಉಳಿಯಿತು.

ಬಹುಕೋರ್ ಗಣಕಗಳಲ್ಲಿ ಪ್ರಸ್ತುತತೆ

ಕ್ರೇ ಅವರು ಯಂತ್ರ ಕಲಿಕೆಯ ಕ್ಷೇತ್ರದಲ್ಲಿ ಕೆಲಸ ಮಾಡಿದವರಲ್ಲ. ಆದರೂ ಅವರು ಎದುರಿಸಿದ ಸಮಸ್ಯೆಗಳು ಇಂದಿನ ಸಾಮಾನ್ಯ ಗಣಕಗಳ ಒಳಗೇ ಬಂದು ಕುಳಿತಿವೆ. ಒಂದೇ ಚಿಪ್‌ನಲ್ಲಿ 8, 16 ಅಥವಾ 64 ಕೋರ್‌ಗಳಿರುವ ಗಣಕದಲ್ಲಿ ಮಾದರಿಯೊಂದಕ್ಕೆ ತರಬೇತಿ ನೀಡುವಾಗ, ಕೋರ್‌ಗಳನ್ನು ಹೆಚ್ಚಿಸಿದರೂ ವೇಗ ಹೆಚ್ಚದಿರುವುದು, ಕೆಲವೊಮ್ಮೆ ಕುಗ್ಗುವುದು ಸಾಮಾನ್ಯ ಅನುಭವ. ಇದಕ್ಕೆ ಮುಖ್ಯ ಕಾರಣಗಳು ಹೀಗಿವೆ:

ದತ್ತಾಂಶದ ಪೂರೈಕೆ: ಕಡತಗಳನ್ನು ಓದಿ ಸಿದ್ಧಪಡಿಸುವ ಕೆಲಸ ಒಂದೇ ಕೋರ್‌ನಲ್ಲಿ ನಡೆಯುತ್ತಿದ್ದರೆ ಉಳಿದವು ಕಾಯುತ್ತವೆ. ಈ ಕೆಲಸವನ್ನು ಬೇರೆ ಪ್ರಕ್ರಿಯೆಗಳಿಗೆ ವಹಿಸಿ ಮುಂಚಿತವಾಗಿ ಸಿದ್ಧವಿಡುವುದು ಪರಿಹಾರ. 6600ರ ಉಪಪ್ರೊಸೆಸರುಗಳು ಮಾಡುತ್ತಿದ್ದುದು ಇದನ್ನೇ.

ಮೆಮೊರಿಯ ಮಿತಿ: ಎಲ್ಲ ಕೋರ್‌ಗಳೂ ಒಂದೇ ಮುಖ್ಯ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಕೆಲವೇ ಕೋರ್‌ಗಳು ಅದರ ಸಾಮರ್ಥ್ಯವನ್ನು ಬಳಸಿ ಮುಗಿಸಿದರೆ ಹೆಚ್ಚುವರಿ ಕೋರ್‌ಗಳಿಂದ ಪ್ರಯೋಜನವಿಲ್ಲ. ದತ್ತಾಂಶವನ್ನು ಸಣ್ಣ ತುಂಡುಗಳಾಗಿಸಿ, ಕೋರ್‌ಗೆ ಸಮೀಪವಿರುವ ಕ್ಯಾಷ್ ಮೆಮೊರಿಯಲ್ಲಿರುವಾಗಲೇ ಅವುಗಳ ಮೇಲೆ ಆದಷ್ಟು ಲೆಕ್ಕ ಮುಗಿಸುವುದು ಕ್ರೇ-1ರ ರೆಜಿಸ್ಟರುಗಳ ತತ್ತ್ವವೇ ಆಗಿದೆ.

ಎಳೆಗಳ ಅತಿಯಾದ ಸಂಖ್ಯೆ: 16 ಕೋರ್‌ಗಳ ಗಣಕದಲ್ಲಿ ನಾಲ್ಕು ಪ್ರಕ್ರಿಯೆಗಳನ್ನು ಓಡಿಸಿ, ಪ್ರತಿಯೊಂದರ ಗಣಿತ ಗ್ರಂಥಾಲಯವೂ 16 ಎಳೆಗಳನ್ನು ಆರಂಭಿಸಿದರೆ ಒಟ್ಟು 64 ಎಳೆಗಳು 16 ಕೋರ್‌ಗಳಿಗಾಗಿ ಸೆಣಸುತ್ತವೆ. ಪ್ರತಿ ಪ್ರಕ್ರಿಯೆಗೆ ನಾಲ್ಕು ಎಳೆಗಳೆಂದು ಮಿತಿ ಹಾಕಿದರೆ ವೇಗ ಮರಳುವುದುಂಟು.

ಪರಸ್ಪರ ಕಾಯುವಿಕೆ: ಪ್ರತಿ ಹಂತದ ಕೊನೆಯಲ್ಲಿ ಎಲ್ಲರ ಫಲಿತಾಂಶಗಳನ್ನು ಒಟ್ಟುಗೂಡಿಸಬೇಕಾದಾಗ ಅತ್ಯಂತ ನಿಧಾನವಾದ ಕೋರ್ ಎಲ್ಲರ ವೇಗವನ್ನು ನಿರ್ಧರಿಸುತ್ತದೆ. ಪ್ರತಿ ಹಂತದ ಕೆಲಸ ತೀರಾ ಸಣ್ಣದಾಗಿದ್ದರೆ, ಸ್ಟಾರ್-100ರಲ್ಲಿ ಆದಂತೆ, ಸಿದ್ಧತೆಯ ಸಮಯವೇ ಲೆಕ್ಕದ ಸಮಯವನ್ನು ಮೀರುತ್ತದೆ.

ಇವುಗಳಲ್ಲಿ ಕಾರಣ ಯಾವುದೆಂದು ತಿಳಿಯಲು ಮೊದಲು ಒಂದೇ ಕೋರ್‌ನಲ್ಲಿ ತಗಲುವ ಸಮಯವನ್ನು ಅಳೆದು, ಬಳಿಕ ಎರಡು, ನಾಲ್ಕು, ಎಂಟು ಎಂದು ಹೆಚ್ಚಿಸುತ್ತಾ ವೇಗವೃದ್ಧಿ ಎಲ್ಲಿ ನಿಲ್ಲುತ್ತದೆಂದು ನೋಡಲಾಗುತ್ತದೆ. ಹಾಗೆ ನಿಂತ ಜಾಗದಲ್ಲಿ ಕೋರ್‌ಗಳು ಯಾವುದಕ್ಕಾಗಿ ಕಾಯುತ್ತಿವೆ ಎಂಬುದನ್ನು ಪತ್ತೆಹಚ್ಚುವುದೇ ದುರಸ್ತಿಯ ಮೊದಲ ಹೆಜ್ಜೆ.

ಭಾರತದೊಂದಿಗಿನ ನಂಟು

1980ರ ದಶಕದಲ್ಲಿ ಭಾರತ ಸರ್ಕಾರ ಕ್ರೇ ಸೂಪರ್‌ಕಂಪ್ಯೂಟರ್ ಕೊಳ್ಳಲು ಮುಂದಾದಾಗ ಅಮೆರಿಕವು ರಫ್ತು ನಿರ್ಬಂಧಗಳನ್ನು ಒಡ್ಡಿತು. ಕೊನೆಗೆ ಹವಾಮಾನ ಮುನ್ಸೂಚನೆಗಾಗಿ ಒಂದೇ ಪ್ರೊಸೆಸರಿನ ಕ್ರೇ ಎಕ್ಸ್-ಎಂಪಿ/14 ಯಂತ್ರ ಮಾತ್ರ ದೆಹಲಿಗೆ ಬಂದಿತು. ಇಂತಹ ಯಂತ್ರಗಳು ಸುಲಭವಾಗಿ ದೊರೆಯದಿದ್ದ ಪರಿಸ್ಥಿತಿಯೇ ಸ್ವದೇಶಿ ಸಮಾಂತರ ಗಣನೆಗೆ ಪ್ರೇರಣೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಭಾರತದ ಮೊದಲ ಸಮಾಂತರ ಗಣಕವಾದ ಫ್ಲೊಸಾಲ್ವರ್ ಸಿದ್ಧವಾಯಿತು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯು ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಯಂತ್ರವನ್ನು ಹೊರತಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2015ರಲ್ಲಿ ಸ್ಥಾಪಿಸಿದ ಸಹಸ್ರ-ಟಿ ಸೂಪರ್‌ಕಂಪ್ಯೂಟರ್ ಕ್ರೇ ಹೆಸರಿನ ಕಂಪನಿಯದೇ ಆಗಿದ್ದು, 33,000ಕ್ಕೂ ಹೆಚ್ಚು ಕೋರ್‌ಗಳನ್ನು ಹೊಂದಿತ್ತು.

ವ್ಯಕ್ತಿತ್ವ

ಕ್ರೇ ಪ್ರಚಾರದಿಂದ ದೂರವಿದ್ದ ಮಿತಭಾಷಿ. ಸಂದರ್ಶನಗಳನ್ನು ನೀಡಿದ್ದು ಅಪರೂಪ. ದೊಡ್ಡ ತಂಡಗಳಿಗಿಂತ ಸಣ್ಣ ತಂಡಗಳಲ್ಲಿ ಕೆಲಸ ಮಾಡುವುದನ್ನು ಇಷ್ಟಪಡುತ್ತಿದ್ದರು. ಪ್ರತಿ ಹೊಸ ಯಂತ್ರವನ್ನು ಹಳೆಯದರ ಮುಂದುವರಿಕೆಯಾಗಿ ಮಾಡದೆ ಖಾಲಿ ಹಾಳೆಯಿಂದಲೇ ಆರಂಭಿಸುವುದು ಅವರ ರೂಢಿಯಾಗಿತ್ತು. ಮನೆಯ ಕೆಳಗೆ ಸುರಂಗ ತೋಡುವುದು ಅವರ ವಿಶಿಷ್ಟ ಹವ್ಯಾಸವಾಗಿತ್ತು.

ಗೌರವಗಳು

1972ರಲ್ಲಿ ಹ್ಯಾರಿ ಗೂಡ್ ಸ್ಮಾರಕ ಪ್ರಶಸ್ತಿ ಮತ್ತು 1989ರಲ್ಲಿ ಎಕರ್ಟ್–ಮಾಕ್ಲಿ ಪ್ರಶಸ್ತಿ ಇವರಿಗೆ ಸಂದವು. ಇವರ ಮರಣಾನಂತರ ಐಇಇಇ ಕಂಪ್ಯೂಟರ್ ಸೊಸೈಟಿಯು ಉನ್ನತ ವೇಗದ ಗಣಕ ವ್ಯವಸ್ಥೆಗಳ ವಿನ್ಯಾಸಕಾರರಿಗಾಗಿ ಸೀಮೋರ್ ಕ್ರೇ ಪ್ರಶಸ್ತಿಯನ್ನು ಸ್ಥಾಪಿಸಿತು. ಅವರು ಕಟ್ಟಿದ ಕ್ರೇ ರಿಸರ್ಚ್ 1996ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಪಾಲಾಯಿತು. 2000ದಲ್ಲಿ ಟೆರಾ ಕಂಪ್ಯೂಟರ್ ಕಂಪನಿಯು ಅದನ್ನು ಕೊಂಡು ತಾನೇ ಕ್ರೇ ಎಂಬ ಹೆಸರನ್ನು ತಾಳಿತು. 2019ರಲ್ಲಿ ಅದು ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆಗೆ ಸೇರಿತು. 2022ರಲ್ಲಿ ಜಗತ್ತಿನ ಅತಿ ವೇಗದ ಯಂತ್ರವೆಂದು ಘೋಷಿತವಾದ, ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಫ್ರಾಂಟಿಯರ್ ಸೂಪರ್‌ಕಂಪ್ಯೂಟರ್ ಕೂಡ ಕ್ರೇ ಹೆಸರಿನ ಯಂತ್ರ ಸರಣಿಗೆ ಸೇರಿದೆ.